ಒಂದು ಮಾರುತಿ 800, ಒಂದು ರಬ್ಬರ್ ಮ್ಯಾಟ್

2021ರ ದಸರೆ ಮುಗಿದ ಮರುವಾರ ನಾನು 1998ರ ಮಾರುತಿ 800 ಒಂದನ್ನು 58,000 ರೂಪಾಯಿ ಕೊಟ್ಟು ಕೊಂಡು, ಮೈಸೂರಿನ ಸರಸ್ವತಿಪುರದಿಂದ ನಮ್ಮ ಮನೆಗೆ ಓಡಿಸಿಕೊಂಡು ಬಂದೆ. ಬಿಳಿ ಬಣ್ಣ, ಎ.ಸಿ. ಇಲ್ಲದ ಸ್ಟ್ಯಾಂಡರ್ಡ್ ಮಾದರಿ, 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸುವ ಹಳೆಯ ಕಾಲದ ಕಾರ್ಬೊರೇಟರ್, ನಾಲ್ಕು ಗೇರು. ಹೇಳಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ. ಎದುರು ಮನೆಯವರು ಗೇಟಿಗೆ ಒರಗಿ ನಿಂತು, "ಏನು ಮೇಷ್ಟ್ರೇ, ಮಗಳಿಗೆ ಡ್ರೈವಿಂಗ್ ಕಲಿಸೋದಕ್ಕಾ?" ಎಂದು ಕೇಳಿದರು. ಕಲಿಸುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೆ ಎಂದೆ. ಅವರು ಮತ್ತೆ ಏನೂ ಕೇಳಲಿಲ್ಲ.

ಈ ಕಾರಿಗೆ ಮೊದಲು, 2019ರಲ್ಲಿ, ನಾನು ಇದೇ ಮಾದರಿಯ ಇನ್ನೊಂದು ಕಾರನ್ನು 22,000ಕ್ಕೆ ಕೊಂಡಿದ್ದೆ. ಬ್ರೋಕರ್ ಒಬ್ಬರ ಮೂಲಕ ಬಂದ ಆ ಕಾರು ಹೊಸ ಬಣ್ಣ ಹೊಡೆಸಿಕೊಂಡು ಕನ್ನಡಿಯಂತೆ ಹೊಳೆಯುತ್ತಿತ್ತು, ಮತ್ತು ಆ ಹೊಳಪನ್ನೇ ನಾನು ಕಂಡೀಷನ್ ಎಂದುಕೊಂಡಿದ್ದೆ. ಮೊದಲ ಮಳೆಗಾಲ ಕಳೆಯುವ ಹೊತ್ತಿಗೆ ಬಾಗಿಲುಗಳ ಕೆಳಭಾಗದಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಟಿಂಕರಿಂಗ್ ಮಾಡುವವರು ಸ್ಕ್ರೂಡ್ರೈವರಿನಿಂದ ಒತ್ತಿದರೆ, ತೂತು ಮುಚ್ಚಲು ಮೆತ್ತಿದ್ದ ಪುಟ್ಟಿಯೇ ಹೆಂಟೆಯಾಗಿ ಉದುರಿತು, ಅದರ ಹಿಂದೆ ತಗಡು ಇರಲಿಲ್ಲ. ಅದಕ್ಕೆ ಕಂತುಕಂತಾಗಿ 31,000 ಸುರಿದು, ಕೊನೆಗೆ ಗುಜರಿಗೆ ಕೊಟ್ಟೆ. ಲೆಕ್ಕದ ವಿಷಯ ನನಗೆ ಅಲ್ಲಿ ಅರ್ಥವಾಯಿತು. ಐವತ್ತು ಸಾವಿರದ ಕಾರಿನ ಬಾಗಿಲನ್ನು ಬೆಸುಗೆ ಹಾಕಿ ಸರಿಪಡಿಸಲು ಎಷ್ಟು ಕೂಲಿಯೋ ಐದು ಲಕ್ಷದ ಕಾರಿನ ಬಾಗಿಲಿಗೂ ಹೆಚ್ಚುಕಡಿಮೆ ಅಷ್ಟೇ ಕೂಲಿ. ಆದ್ದರಿಂದ ಅಗ್ಗದ ಹಳೆಯ ಕಾರಿನ ವಿಷಯದಲ್ಲಿ, ಬೇರೊಬ್ಬರು ಚೆನ್ನಾಗಿ ಇಟ್ಟುಕೊಂಡಿರುವುದನ್ನು ಎರಡರಷ್ಟು ಕೊಟ್ಟಾದರೂ ಕೊಳ್ಳಬೇಕೇ ಹೊರತು, ಕೆಟ್ಟದ್ದನ್ನು ತಂದು ಚೆನ್ನಾಗಿ ಮಾಡುತ್ತೇನೆಂದು ಹೊರಡಬಾರದು.

ಆದರೆ ಹಾಗೆ ಇಟ್ಟುಕೊಂಡ ಮಾರುತಿ 800 ಸಿಗುವುದು ಎಣಿಸಿದಷ್ಟು ಸುಲಭವಲ್ಲ. 1983ರ ಡಿಸೆಂಬರಿನಿಂದ 2014ರ ಜನವರಿಯವರೆಗೆ ತಯಾರಾದ ಈ ಕಾರು 25 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ರಸ್ತೆಗಿಳಿದಿದೆ. ಅಷ್ಟೊಂದು ಇದ್ದುದರಿಂದಲೇ ಯಾರಿಗೂ ಅದನ್ನು ಉಳಿಸಬೇಕೆಂದು ಅನ್ನಿಸಲಿಲ್ಲ. ಅರಮನೆಯ ಕಾಲದ ಕಾರುಗಳಿಗೆ ಶೆಡ್ಡು, ಹೊದಿಕೆ, ಮೆರವಣಿಗೆ ಎಲ್ಲವೂ ಉಂಟು. ನಮ್ಮಪ್ಪನ ಪೀಳಿಗೆಯವರು ಸಾಲ ಮಾಡಿ ಕೊಂಡ ಮೊದಲ ಕಾರು ಮಾತ್ರ ಎರಡನೆಯ ಕೈಗೆ ಹೋಗಿ, ಅಲ್ಲಿಂದ ಡ್ರೈವಿಂಗ್ ಸ್ಕೂಲಿಗೆ ಹೋಗಿ, ಎಲ್ ಬೋರ್ಡ್ ಹೊತ್ತು ಕ್ಲಚ್ಚು ಸುಟ್ಟುಕೊಂಡು, ಗ್ಯಾಸ್ ಕಿಟ್ ಹಾಕಿಸಿಕೊಂಡು, ಕೊನೆಗೆ ತೂಕದ ಲೆಕ್ಕದಲ್ಲಿ ಗುಜರಿ ಸೇರಿತು. ಸರ್ಕಾರದ ನಿಯಮದಲ್ಲಿ ವಿಂಟೇಜ್ ಎನ್ನಿಸಿಕೊಳ್ಳಲು ವಾಹನಕ್ಕೆ 50 ವರ್ಷವಾಗಬೇಕು. ಈ ಕಾರುಗಳು ಆ ವಯಸ್ಸಿಗೂ ಬಂದಿಲ್ಲ, ಹೊಸದೂ ಅಲ್ಲ. ನನಗೆ ಇವುಗಳ ಮೇಲೆ ಮನಸ್ಸು ಹೋಗಿದ್ದು ಈ ಅನಾಥ ಸ್ಥಿತಿಯನ್ನು ನೋಡಿಯೇ ಇರಬೇಕು. ಕೈಗೆಟಕುವ ಬೆಲೆ ಅದಕ್ಕೆ ಸೇರಿಕೊಂಡಿತು.

ಸರಸ್ವತಿಪುರದ ಕಾರಿನ ಸುದ್ದಿ ಕೊಟ್ಟವರು ಮಂಡಿ ಮೊಹಲ್ಲಾದಲ್ಲಿ ಗ್ಯಾರೇಜ್ ನಡೆಸುವ ನನ್ನ ಮೆಕ್ಯಾನಿಕ್. "ಒಬ್ಬರೇ ಓನರ್, ಮೇಷ್ಟ್ರೇ. ಯಜಮಾನರು ತೀರಿಕೊಂಡಿದ್ದಾರೆ. ಗಾಡಿ ಹದಿನಾಲ್ಕು ತಿಂಗಳಿಂದ ನಿಂತಿದೆ. ಬ್ರೋಕರ್ ಕಣ್ಣಿಗೆ ಬೀಳೋ ಮೊದಲು ನೋಡಿ" ಎಂದರು. ಅವರನ್ನೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ.

ನಾನು ನೋಡುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮೊದಲ ಕಾರಿಗೆ ಸುರಿದ ದುಡ್ಡು ಕಲಿಸಿದ್ದು ಇದನ್ನೇ. ಬಣ್ಣವನ್ನು ಕೊನೆಗೆ ನೋಡಬೇಕು. ಮೊದಲು ಬಾಗಿಲು ತೆರೆದು, ಅಂಚಿನ ರಬ್ಬರ್ ಬೀಡಿಂಗನ್ನು ಬೆರಳಿನಿಂದ ಎಳೆದರೆ ಅದರ ಕೆಳಗಿನ ತಗಡಿನ ಮೇಲೆ, ಕಾರ್ಖಾನೆಯಲ್ಲಿ ಬೆಸುಗೆ ಹಾಕಿದ ದುಂಡನೆಯ ಚುಕ್ಕೆಗಳು ಸಮಾನ ಅಂತರದಲ್ಲಿ ಸಾಲಾಗಿ ಕಾಣಬೇಕು. ಅಪಘಾತವಾಗಿ ರಿಪೇರಿಯಾದ ಕಾರಿನಲ್ಲಿ ಆ ಚುಕ್ಕೆಗಳ ಮೇಲೆ ಪುಟ್ಟಿ ಬಳಿದು ನುಣ್ಣಗೆ ಮಾಡಿರುತ್ತಾರೆ. ಈ ಕಾರಿನಲ್ಲಿ ನಾಲ್ಕೂ ಬಾಗಿಲುಗಳ ಸುತ್ತ ಅವು ಹಾಗೆಯೇ ಇದ್ದವು. ಎಲ್ಲ ಗಾಜುಗಳ ಮೂಲೆಯಲ್ಲೂ ಒಂದೇ ಕಂಪನಿಯ ಮುದ್ರೆ ಇತ್ತು, ಅಂದರೆ ಯಾವುದೂ ಒಡೆದು ಬದಲಾದಂತಿರಲಿಲ್ಲ. ಆಮೇಲೆ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲುಗಳ ಕೆಳಭಾಗಕ್ಕೂ ಹಿಂದಿನ ಚಕ್ರಗಳ ಮೇಲಿನ ಕಮಾನಿಗೂ ತಗುಲಿಸಿ ನೋಡಿದೆ. ಅದು ಎಲ್ಲೂ ಜಾರದೆ ಟಪ್ಪೆಂದು ಕಚ್ಚಿಕೊಂಡಿತು, ಅಂದರೆ ಬಣ್ಣದ ಕೆಳಗೆ ಇದ್ದದ್ದು ಪುಟ್ಟಿಯಲ್ಲ, ತಗಡೇ. ಮೀಟರು 61,000 ಕಿಲೋಮೀಟರ್ ತೋರಿಸುತ್ತಿತ್ತು. ಆದರೆ ಹಳೆಯ ಕಾರಿನ ಮೀಟರನ್ನು ನಾನು ನಂಬುವುದಿಲ್ಲ, ಬ್ರೇಕ್ ಪೆಡಲಿನ ರಬ್ಬರನ್ನು ನಂಬುತ್ತೇನೆ. ಲಕ್ಷಗಟ್ಟಲೆ ಓಡಿದ ಕಾರಿನಲ್ಲಿ ಅದರ ಬಲಮೂಲೆ ಬೋಳಾಗಿರುತ್ತದೆ. ಇಲ್ಲಿ ಗೀರುಗಳು ಉಗುರಿಗೆ ಸಿಗುವಷ್ಟು ಉಳಿದಿದ್ದವು. ಬಾನೆಟ್ಟಿನ ಒಳಗೆ, ಚಾಸಿ ನಂಬರಿನ ಪಕ್ಕದಲ್ಲಿ, ಎಷ್ಟೋ ಆಯುಧಪೂಜೆಗಳ ಅರಿಶಿನ ಕುಂಕುಮ ಒಂದರ ಮೇಲೊಂದು ಕೂತು ಹೆಪ್ಪುಗಟ್ಟಿತ್ತು.

ಟೈರುಗಳ ಹಲ್ಲು ಹೊಸದರಂತಿತ್ತು, ಆದರೆ ಪಕ್ಕದ ಗೋಡೆಯ ಮೇಲೆ 1511 ಎಂಬ ಅಂಕಿ ಇತ್ತು. ಅಂದರೆ 2011ರ ಹದಿನೈದನೆಯ ವಾರದಲ್ಲಿ ತಯಾರಾದ ಟೈರು, ಹತ್ತು ವರ್ಷಕ್ಕೆ ರಬ್ಬರು ಮರದಂತೆ ಗಟ್ಟಿಯಾಗಿತ್ತು. ಕಡಿಮೆ ಓಡಿದ ಕಾರನ್ನು ಕೊಳ್ಳುವವರು ಸಾಮಾನ್ಯವಾಗಿ ಮೋಸಹೋಗುವುದು ಇಂಥಲ್ಲೇ. ಓಡಿದರೆ ಸವೆಯುವ ಭಾಗಗಳಿದ್ದಂತೆ ನಿಂತರೆ ಕೆಡುವ ಭಾಗಗಳೂ ಇವೆ. ಹದಿನಾಲ್ಕು ತಿಂಗಳು ನಿಂತದ್ದಕ್ಕೆ ಕಾರ್ಬೊರೇಟರಿನೊಳಗೆ ಪೆಟ್ರೋಲ್ ಆರಿ ಕಂದು ಬಣ್ಣದ ಅಂಟಾಗಿ ಜೆಟ್ಟುಗಳ ಸಣ್ಣ ರಂಧ್ರಗಳನ್ನು ಮುಚ್ಚಿತ್ತು, ಹಿಂದಿನ ಬ್ರೇಕ್ ಡ್ರಮ್ಮಿನ ವ್ಹೀಲ್ ಸಿಲಿಂಡರುಗಳು ಅಲುಗದಂತೆ ಹಿಡಿದುಕೊಂಡಿದ್ದವು, ಬ್ಯಾಟರಿ ಸತ್ತೇ ಹೋಗಿತ್ತು. ಇವುಗಳ ಜೊತೆಗೆ ವಯಸ್ಸಿನ ಲೆಕ್ಕದಲ್ಲಿ ಟೈಮಿಂಗ್ ಬೆಲ್ಟ್, ರೇಡಿಯೇಟರ್ ಪೈಪುಗಳು, ಬ್ರೇಕ್ ಹೋಸುಗಳನ್ನೂ ಬದಲಿಸಿದೆವು. ಟೈರು, ಬ್ಯಾಟರಿ ಬಿಟ್ಟು ಒಟ್ಟು ಖರ್ಚು 9,600 ರೂಪಾಯಿ. ಮೈಸೂರಿನಲ್ಲಿ ಸಿಗದ ಒಂದೆರಡು ಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಮರುದಿನವೇ ಬಂದವು. ಕಾರು ಸಾಮಾನ್ಯದ್ದಾಗಿರುವುದರ ದೊಡ್ಡ ಸೌಕರ್ಯ ಇದು. ಅಪರೂಪದ ವಿದೇಶಿ ಕಾರಿನವರು ಒಂದು ಬೀಡಿಂಗಿಗಾಗಿ ತಿಂಗಳುಗಟ್ಟಲೆ ಕಾಯುತ್ತಾರೆ. ಇದಕ್ಕಾದರೆ ಯಾವ ಹೋಬಳಿಯ ಗ್ಯಾರೇಜಿನಲ್ಲಾದರೂ ಕಣ್ಣುಮುಚ್ಚಿ ಎಂಜಿನ್ನಿನ ಕಿಡಿಯ ಪಾಯಿಂಟ್ ಸೆಟ್ ಮಾಡುವವರು ಒಬ್ಬರು ಇದ್ದೇ ಇರುತ್ತಾರೆ.

ಎಂಜಿನ್ ಹದಕ್ಕೆ ಬಂದ ಮೇಲೆ, ಹಣ ಕೊಡುವ ಮೊದಲು, ಮೂವರು ಕೂತು ಚಾಮುಂಡಿ ಬೆಟ್ಟ ಹತ್ತಿಸಿದೆವು. ಇದು ನನ್ನದೇ ಪರೀಕ್ಷೆ. ಎರಡನೆಯ ಗೇರಿನಲ್ಲಿ ನಂದಿಯ ತಿರುವಿನವರೆಗೆ ಎಳೆಸಿ, ಅಲ್ಲಿ ನಿಲ್ಲಿಸಿ, ಎಂಜಿನ್ ಆರಿಸದೆ ಹತ್ತು ನಿಮಿಷ ಬಿಟ್ಟು ನೋಡಿದರೆ, ಎಂಜಿನ್ನಿನ ತಲೆಯ ಸಂದಿಯನ್ನು ಬಿಗಿಯಾಗಿ ಮುಚ್ಚುವ ಹೆಡ್ ಗ್ಯಾಸ್ಕೆಟ್ಟಿನ ಸತ್ಯ ಹೊರಬರುತ್ತದೆ. ಟೆಂಪರೇಚರ್ ಮುಳ್ಳು ಅರ್ಧ ದಾಟಲಿಲ್ಲ. ನಲವತ್ತು ಅಶ್ವಶಕ್ತಿಯನ್ನೂ ಮುಟ್ಟದ ಈ ಎಂಜಿನ್ ಸುಮಾರು 650 ಕೆಜಿಯ ಕಾರನ್ನಷ್ಟೇ ಎಳೆಯಬೇಕಾಗಿರುವುದರಿಂದ, ಬೆಟ್ಟದಲ್ಲಿ ಏದುಸಿರು ಬಿಟ್ಟರೂ ಸೋಲುವುದಿಲ್ಲ.

ಇಷ್ಟೆಲ್ಲ ನೋಡಿಯೂ ನನ್ನ ಕಣ್ಣಿಗೆ ಬೀಳದಿದ್ದದ್ದು ಒಂದಿತ್ತು. ಯಜಮಾನರು ಕಾರು ಬಂದ ದಿನವೇ ಕಾಲಿಡುವ ಜಾಗಕ್ಕೆ ದಪ್ಪನೆಯ ರಬ್ಬರ್ ಮ್ಯಾಟ್ ಹಾಕಿಸಿ, ಇಪ್ಪತ್ತೆರಡು ವರ್ಷ ಅದನ್ನು ಎತ್ತಿರಲಿಲ್ಲ. ಪ್ರತಿ ಭಾನುವಾರ ಪೈಪಿನಲ್ಲಿ ನೀರು ಹೊಡೆದು ಕಾರು ತೊಳೆಯುತ್ತಿದ್ದರು. ಬಾಗಿಲಿನ ಸಂದಿಯಿಂದ ಒಳಗಿಳಿದ ನೀರು ಕಾರ್ಪೆಟ್ಟಿನಲ್ಲಿ ಹೀರಿಕೊಂಡು, ಮೇಲಿನ ಮ್ಯಾಟಿನಿಂದಾಗಿ ಆರದೆ, ಡ್ರೈವರ್ ಸೀಟಿನ ಮುಂದಿನ ತಗಡನ್ನು ಅಂಗೈಯಗಲ ತಿಂದಿತ್ತು. ಕಾರ್ಪೆಟ್ ಎತ್ತಿದಾಗ ನೆನೆದ ಗೋಣಿಚೀಲದ ವಾಸನೆ ಮೂಗಿಗೆ ಹೊಡೆಯಿತು, ತುಕ್ಕು ಪದರಪದರವಾಗಿ ಕೈಗೆ ಬಂತು. ಕಾರನ್ನು ಇಷ್ಟು ಚೆನ್ನಾಗಿ ಉಳಿಸಿದ ಜೋಪಾನವೇ ಒಂದು ಮೂಲೆಯಲ್ಲಿ ಅದನ್ನು ಕೆಡಿಸಿತ್ತು. ತಿಂದ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆದು, ತುಕ್ಕು ತಡೆಯುವ ಪ್ರೈಮರ್ ಬಳಿಸಿದೆ. ಅಡಿಗೆ ಡಾಂಬರಿನಂಥ ಕಪ್ಪು ಕೋಟಿಂಗ್ ಹೊಡೆಸಿ ಎಂದು ಎಲ್ಲರೂ ಹೇಳಿದರು, ನಾನು ಒಪ್ಪಲಿಲ್ಲ. ಆ ಕೋಟಿಂಗ್ ಒಮ್ಮೆ ಬಿರುಕು ಬಿಟ್ಟರೆ ಅದರ ಹಿಂದೆ ನೀರು ನಿಂತು, ತುಕ್ಕು ಹೊರಗೆ ಕಾಣಿಸದೆ ಬೆಳೆಯುತ್ತದೆ.

ನನ್ನ ಕೈಯಿಂದ ಆದ ಹಾನಿಯನ್ನೂ ಹೇಳಬೇಕು. 2022ರಲ್ಲಿ ಯಾವುದೋ ಮದುವೆಗೆ ಹೋಗುವ ಮೊದಲು ಕಾರಿಗೆ ಪಾಲಿಷ್ ಹಾಕಿಸುವ ಆಸೆಯಾಯಿತು. ಅಂಗಡಿಯ ಹುಡುಗ ರಬ್ಬಿಂಗ್ ಕಾಂಪೌಂಡ್ ಬಳಿದು, ಮೆಷಿನ್ನನ್ನು ಬಾನೆಟ್ಟಿನ ಏಣಿನ ಮೇಲೆ ಒತ್ತಿ ಹಿಡಿದ. ಎರಡು ನಿಮಿಷದಲ್ಲಿ ಬಿಳಿಯ ನಡುವೆ ಬೂದು ಬಣ್ಣದ ಗೆರೆ ಮೂಡಿತು. ಅದು ಪ್ರೈಮರ್. ಅಷ್ಟು ವರ್ಷ ಉಳಿದಿದ್ದ ಕಾರ್ಖಾನೆಯ ಬಣ್ಣ ಆ ಒಂದು ಗೇಣು ಜಾಗದಲ್ಲಿ ಹೋಯಿತು. ತಪ್ಪು ಹುಡುಗನದಲ್ಲ, ಹಳೆಯ ಬಣ್ಣ ತೆಳುವಾಗಿರುತ್ತದೆಂದು ಗೊತ್ತಿದ್ದೂ ಪಕ್ಕದಲ್ಲಿ ನಿಲ್ಲದೆ ಕಾಫಿ ಕುಡಿಯಲು ಹೋದ ನನ್ನದು. ಆ ಗೆರೆಯನ್ನು ಹಾಗೆಯೇ ಬಿಟ್ಟು, ತುಕ್ಕು ಹಿಡಿಯದಂತೆ ಮೇಣ ಹಚ್ಚುತ್ತೇನೆ. ಅದೊಂದಕ್ಕಾಗಿ ಇಡೀ ಬಾನೆಟ್ಟಿಗೆ ಬಣ್ಣ ಹೊಡೆಸಿದರೆ ಪಕ್ಕದ ಫೆಂಡರ್ ಹಳದಿಯಾಗಿ ಕಾಣುತ್ತದೆ, ಅದಕ್ಕೂ ಹೊಡೆಸಬೇಕು, ಅದಕ್ಕೆ ಕೊನೆಯಿಲ್ಲ.

ಇನ್ನು ಕಾಗದಪತ್ರ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗಬೇಕು. 2022ರ ಏಪ್ರಿಲ್‌ನಿಂದ ನವೀಕರಣ ಶುಲ್ಕ 600ರಿಂದ 5,000ಕ್ಕೆ ಏರಿದ್ದರಿಂದ, 2023ರ ನನ್ನ ಸರದಿಗೆ ಅಷ್ಟು ಕಟ್ಟಿದೆ, ಹಸಿರು ತೆರಿಗೆ ಬೇರೆ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಬೇಕಾಗಿದ್ದಾಗ, ಕುಂಕುಮದ ಹೆಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕಾಯಿತು. ಎಮಿಷನ್ ಟೆಸ್ಟ್ ಆರು ತಿಂಗಳಿಗೊಮ್ಮೆ. ಈ ವಯಸ್ಸಿನ ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ, ಅಂದರೆ ಎಂಜಿನ್ ನಿಂತಲ್ಲೇ ಓಡುವಾಗ, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 3 ಮೀರಬಾರದು. ಮೊದಲ ಸಲ ಶೇ 4.1 ಬಂದಿತ್ತು. ಮೆಕ್ಯಾನಿಕ್ ಏರ್ ಫಿಲ್ಟರ್ ಬದಲಿಸಿ, ಮಿಕ್ಸ್‌ಚರ್ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿದ ಮೇಲೆ 1.8ಕ್ಕೆ ಇಳಿಯಿತು. ವಿಮೆ ಮಾತ್ರ ಹಗುರ. ಸಾವಿರ ಸಿಸಿಯೊಳಗಿನ ಕಾರಿಗೆ ಥರ್ಡ್ ಪಾರ್ಟಿ ಕಂತು ವರ್ಷಕ್ಕೆ 2,094 ರೂಪಾಯಿ, ಅದರ ಮೇಲೆ ತೆರಿಗೆ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಹಳೆಯ ರಬ್ಬರ್ ಪೈಪುಗಳು ಉಬ್ಬಿ ಮೆತ್ತಗಾದವು. ಎಥನಾಲ್ ತಡೆಯುವ ಪೈಪುಗಳನ್ನು ಟ್ಯಾಂಕಿನಿಂದ ಕಾರ್ಬೊರೇಟರಿನವರೆಗೆ ಹಾಕಿಸಿದ್ದೇನೆ, ಮತ್ತು ವಾರಕ್ಕೊಮ್ಮೆಯಾದರೂ ಕಾರು ಹೊರಗೆ ತೆಗೆಯುವುದನ್ನು ತಪ್ಪಿಸುವುದಿಲ್ಲ.

ಇದನ್ನು ಓಡಿಸುವ ಸುಖ ವೇಗದ್ದಲ್ಲ. ಅಗ್ಗದ್ದೆಂಬ ನಿರಾಳ ಒಂದು ಕಡೆ. ಮಾರುಕಟ್ಟೆಯ ಎದುರು ಯಾರೋ ತರಕಾರಿಯ ಬುಟ್ಟಿ ಒರಗಿಸಿದರೂ ಎದೆ ಧಸಕ್ಕೆನ್ನುವುದಿಲ್ಲ. ತೆಳ್ಳಗಿನ ಕಂಬಗಳ ನಡುವಿನಿಂದ ನಾಲ್ಕೂ ದಿಕ್ಕು ಕಾಣುತ್ತದೆ, ಚೋಕ್ ಎಳೆದು ಬೆಳಗಿನ ಚಳಿಯಲ್ಲಿ ಎಂಜಿನ್ ಹದಕ್ಕೆ ಬರುವುದನ್ನು ಕಿವಿಯಲ್ಲೇ ತಿಳಿಯಬಹುದು. ಆದರೆ ಇದರಲ್ಲಿ ಏರ್‌ಬ್ಯಾಗ್ ಇಲ್ಲ, ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಇಲ್ಲ, ಗಟ್ಟಿಯಾದ ಡಿಕ್ಕಿ ತಾಳುವ ಮೈಯೂ ಇಲ್ಲ. ಬೆಂಗಳೂರಿನ ಹೆದ್ದಾರಿಗೆ ನಾನು ಇದನ್ನು ತರುವುದಿಲ್ಲ, ಮಗಳು ಕೂತಾಗ ಊರಿನ ಹೊರಗೇ ಹೋಗುವುದಿಲ್ಲ. ಹಳೆಯ ಕಾರಿನ ಪ್ರೀತಿಯಲ್ಲಿ ಇದನ್ನು ಮುಚ್ಚಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 20 ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕ 2025ರ ಆಗಸ್ಟ್‌ನಿಂದ 10,000 ಆಗಿದೆ, ಅಂದರೆ 2028ರಲ್ಲಿ ಕೊಂಡ ಬೆಲೆಯ ಆರನೆಯ ಒಂದು ಭಾಗವನ್ನು ಮತ್ತೆ ಕಟ್ಟಬೇಕು. ಕಟ್ಟುತ್ತೇನೆ.

ಕಳೆದ ಕಾರ್ತಿಕದಲ್ಲಿ ಸರಸ್ವತಿಪುರದ ಅಮ್ಮ, ಅಂದರೆ ಕಾರಿನ ಹಿಂದಿನ ಯಜಮಾನರ ಹೆಂಡತಿ, ಫೋನ್ ಮಾಡಿ, ನಂಜನಗೂಡಿಗೆ ಒಮ್ಮೆ ಆ ಕಾರಿನಲ್ಲೇ ಹೋಗಿಬರಬೇಕೆನ್ನಿಸಿದೆ ಎಂದರು. ಸೋಮವಾರ ಬೆಳಿಗ್ಗೆ ಮನೆಯ ಮುಂದೆ ನಿಲ್ಲಿಸಿದಾಗ ಅವರು ಬಾಗಿಲು ತೆರೆದು, ಹೂವಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಬಾನೆಟ್ಟಿನ ಬೂದು ಗೆರೆಯನ್ನು ಅವರು ಗಮನಿಸಲಿಲ್ಲ. ಕಾಲಬುಡದ ಕಡೆ ನೋಡಿ, "ಮ್ಯಾಟ್ ಎಲ್ಲಿ ಮೇಷ್ಟ್ರೇ? ನಮ್ಮ ಯಜಮಾನರು ಒಂದು ದಿನಾನೂ ತೆಗೆದವರಲ್ಲ" ಎಂದರು.

"ತೊಳೆದು ಒಣಗೋಕೆ ಹಾಕಿದ್ದೀನಿ ಅಮ್ಮ" ಎಂದು ಹೇಳಿ, ಗಾಡಿ ಸ್ಟಾರ್ಟ್ ಮಾಡಿದೆ.