ಚರ್ಚಿನ ಹೆಂಗಸರೆಲ್ಲ ಸೇರಿ ಗಿಫ್ಟ್ ಕೊಡೋಕೆ ಕೌದಿ ಹೊಲಿಯೋದು ಹೇಗೆ

ನಮ್ಮ ಉತ್ತರ ಕರ್ನಾಟಕದಲ್ಲಿ ಕೌದಿ ಹೊದ್ದು ಬೆಳೆದವರೇ ಎಲ್ಲರೂ, ಆದ್ರೂ ಈಗ ಮಗು ಹುಟ್ಟಿದ್ರೆ ಮದುವೆ ಆದ್ರೆ ಅಂಗಡಿಯಿಂದ ಬ್ಲಾಂಕೆಟ್ ತಂದು ಕೊಟ್ಟುಬಿಡ್ತೀವಿ. ನಿಮ್ಮ ಚರ್ಚಿನ ವಿಮೆನ್ಸ್ ಫೆಲೋಶಿಪ್‌ನಲ್ಲಿ ಸೂಜಿ ಹಿಡಿಯೋಕೆ ಬರೋರು ನಾಲ್ಕೈದು ಜನ ಇದ್ರೆ ಸಾಕು, ಕೂಡಿ ಹೊಲಿದು ಕೊಡಬಹುದು. ಮಷಿನ್ ಬೇಡ, ಹತ್ತಿ ತುಂಬೋದೂ ಬೇಡ, ಹಳೇ ಬಟ್ಟೆ ಮೇಲೆ ಹಳೇ ಬಟ್ಟೆ ಹಾಸಿ ಕೈಯಲ್ಲೇ ಹೊಲಿಯೋದು.

ಬಟ್ಟೆ ಕೂಡಿಸೋಕೂ ಮೊದಲು ಯಾರಿಗೆ ಅಂತ ಗೊತ್ತು ಮಾಡ್ಕೊಳ್ಳಿ. ಸುಮ್ನೆ ಹೊಲಿದಿಟ್ಟು ಆಮೇಲೆ ಯಾರಿಗಾದ್ರೂ ಕೊಡೋಣ ಅಂದ್ರೆ ಅದು ಸರಿಹೋಗಲ್ಲ, ಯಾಕಂದ್ರೆ ಮಗುವಿನ ದೀಕ್ಷಾಸ್ನಾನಕ್ಕೆ ಕೊಡೋ ಕೌದಿ ಬೇರೆ, ವರ್ಗ ಆಗಿ ಹೋಗೋ ಪಾಸ್ಟರ್ ಮನೆಯವರಿಗೆ ಕೊಡೋದು ಬೇರೆ, ಕಾಯಿಲೆ ಬಿದ್ದು ಮಲಗಿರೋ ಅಜ್ಜಿಗೆ ಕೊಡೋದಂತೂ ಪೂರ್ತಿ ಬೇರೆ, ಅವರಿಗೆ ಭಾರ ಇರಬಾರದು, ಎರಡು ಪದರ ಸಾಕು. ಗೊತ್ತಾದ ಮೇಲೆ ಆ ಮನೆಯವರ ಹತ್ರಾನೇ ಒಂದು ಹಳೇ ಸೀರೆನೋ ಪಂಚೆನೋ ಕೇಳಿ ತನ್ನಿ. ನನ್ನ ಪ್ರಕಾರ ಇದೇ ಮುಖ್ಯ. ಅಜ್ಜಿ ಉಟ್ಟ ಸೀರೆ ಮೊಮ್ಮಗುವಿನ ಕೌದಿಯ ಒಳಗೆ ಇದ್ರೆ ಆ ಮನೆಯವರು ಅದನ್ನ ಜೋಪಾನ ಮಾಡೋ ರೀತೀನೇ ಬೇರೆ.

ಬಟ್ಟೆ ವಿಷಯಕ್ಕೆ ಬಂದ್ರೆ, ಉಟ್ಟು ಉಟ್ಟು ಮೆತ್ತಗಾದ ಕಾಟನ್ ಬಿಟ್ಟು ಬೇರೆ ಯಾವುದನ್ನೂ ಒಳಪದರಕ್ಕೆ ಹಾಕ್ಬೇಡಿ. ಪಾಲಿಯೆಸ್ಟರ್ ಸೀರೆ ಜಾರುತ್ತೆ, ಬೆವರು ಹೀರಲ್ಲ. ಇಳಕಲ್ ಸೀರೆ ಆದ್ರೆ ಕಾಟನ್ ಇರೋ ಒಡಲು ತಗೊಳ್ಳಿ, ಸೆರಗು ಕತ್ತರಿಸಿ ಪಕ್ಕಕ್ಕಿಡಿ. ಗುಳೇದಗುಡ್ಡದ ಖಣ ನೋಡೋಕೆ ಚಂದ ಆದ್ರೆ ಬಿರುಸು, ದೊಡ್ಡವರ ಕೌದಿಯಲ್ಲಿ ಮೂಲೆಗೆ ಮಾತ್ರ ಹಾಕಿ. ಮೇಲಿನ ತುಂಡುಗಳಿಗೆ ಟೈಲರ್ ಅಂಗಡಿಯಲ್ಲಿ ಬ್ಲೌಸ್ ಪೀಸ್ ಚಿಂದಿ ಕೇಳಿದ್ರೆ ಚೀಲಗಟ್ಟಲೆ ಸಿಗುತ್ತೆ, ಆದ್ರೆ ಹೊಸ ಬಟ್ಟೇನ ಒಗೀದೆ ಹಳೇ ಬಟ್ಟೆ ಮೇಲೆ ಹೊಲಿಯಬಾರದು, ಮೊದಲ ಒಗೆತಕ್ಕೇ ಅದೊಂದು ಕುಗ್ಗಿ ಸುತ್ತಲೂ ಸುಕ್ಕು ಬರುತ್ತೆ. ಕೆಂಪು, ಕಡುನೀಲಿ ಇದ್ರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಹತ್ತಿದ್ರೆ ಆ ತುಂಡು ಬಿಟ್ಟುಬಿಡಿ.

ಮೊದಲ ಸಲಕ್ಕೆ ಮಗುವಿನ ಕೌದಿನೇ ಮಾಡಿ. ಐದೂವರೆ ಮೀಟರ್ ಸೀರೇನ ಅಡ್ಡಕ್ಕೆ ಐದು ಸಮ ತುಂಡು ಮಾಡಿದ್ರೆ ಒಂದೊಂದೂ 1.1 ಮೀಟರ್ ಬರುತ್ತೆ, ಸೀರೆ ಅಗಲಾನೂ ಹೆಚ್ಚುಕಮ್ಮಿ ಅಷ್ಟೇ ಇರೋದ್ರಿಂದ ಚೌಕ ಸಿಗುತ್ತೆ. ಮೂರು ತುಂಡು ಪದರಕ್ಕೆ, ಉಳಿದ ಎರಡು ಮೇಲಿನ ಚೌಕಗಳಿಗೆ ಮತ್ತೆ ಅಂಚಿಗೆ. ಅಂದ್ರೆ ಒಂದು ಸೀರೇಲಿ ಒಂದು ಕೌದಿ. ದೊಡ್ಡವರದ್ದಕ್ಕೆ ಸೀರೇನ ಎರಡು ತುಂಡು ಮಾಡಿ ಉದ್ದಕ್ಕೆ ಜೋಡಿಸಿದ್ರೆ ಒಂದು ಪದರಕ್ಕೆ ಡಬಲ್ ಕಾಟ್ ಅಗಲ ಬರುತ್ತೆ, ಮೂರು ಪದರಕ್ಕೆ ಮೂರು ಸೀರೆ ಲೆಕ್ಕ ಇಟ್ಕೊಳ್ಳಿ.

ಚರ್ಚ್ ಹಾಲ್ ನೆಲ ಗುಡಿಸಿ ಒರೆಸಿ ಪದರಗಳನ್ನ ಒಂದರ ಮೇಲೊಂದು ಹಾಸಿ, ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎಳೆದು, ಕೈಯಿಂದ ಸವರಿ ಸುಕ್ಕು ತೆಗೆದು, ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಇದಕ್ಕೆ ಬೇಸರ ಮಾಡ್ಕೋಬೇಡಿ, ಇದು ಸಡಿಲ ಆದ್ರೆ ಮುಂದೆ ಎಷ್ಟು ಚೆನ್ನಾಗಿ ಹೊಲಿದ್ರೂ ಕೆಳಗಿನ ಪದರ ಗಂಟು ಕಟ್ಟುತ್ತೆ. ಆಮೇಲೆ ಅಂಚು ಒಳಗೆ ಮಡಚಿ ಸುತ್ತ ಪಟ್ಟಿ ಹೊಲಿಯಿರಿ, ಚೌಕಗಳನ್ನ ಇಟ್ಟು ಬಣ್ಣ ನೋಡಿ. ಈ ಜಾಗದಲ್ಲಿ ಎಲ್ಲರೂ ಮಾತಾಡ್ಲಿ, ಹಳದಿ ಇಲ್ಲಿ ಬೇಡ ಅಲ್ಲಿ ಇಡು ಅಂತ, ಇದೇ ಕೂಡಿ ಹೊಲಿಯೋದರ ಖುಷಿ.

ಹೊಲಿಗೆ ಬರೀ ರನ್ನಿಂಗ್ ಸ್ಟಿಚ್, ದಪ್ಪ ಕಾಟನ್ ದಾರ, ಉದ್ದ ಸೂಜಿ, ಬೆರಳಿಗೆ ಅಂಗುಸ್ತಾನ. ಅಂಚಿಂದ ಶುರು ಮಾಡಿ ಮಧ್ಯಕ್ಕೆ ಹೋಗಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಇರೋ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯೋ ಕವಂದಿ, ಅಂದ್ರೆ ಅವರ ಕೌದಿ, ನೋಡಿದ್ರೆ ಇದು ಗೊತ್ತಾಗುತ್ತೆ, ಅವರು ತುಂಡು ಸೇರಿಸ್ತಾ ಸುತ್ತು ಸುತ್ತಾಗಿ ಒಳಗೆ ಬರ್ತಾರೆ, ಕೊನೆಗೆ ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಫೂಲ ಕೂರಿಸ್ತಾರೆ, ಅದಿಲ್ಲದಿದ್ರೆ ಕವಂದಿ ಪೂರ್ತಿ ಆದ ಹಾಗಲ್ಲ. ಅವರಲ್ಲಿ ಕ್ಯಾಥೊಲಿಕ್ ಹೆಂಗಸರು ಹೊಲಿದ ಕವಂದಿಗಳಲ್ಲಿ ಶಿಲುಬೆ ಇರೋದೂ ಉಂಟು. 2004ರಲ್ಲಿ ಅಲ್ಲಿ ಸಿದ್ದಿ ಮಹಿಳೆಯರದ್ದೇ ಒಂದು ಕ್ವಿಲ್ಟಿಂಗ್ ಕೋಆಪರೇಟಿವ್ ಶುರುವಾಯ್ತು, ಅವರ ಕೆಲಸ ದೂರದ ಮ್ಯೂಸಿಯಂಗಳವರೆಗೂ ಹೋಗಿದೆ. ಚರ್ಚ್ ಗುಂಪು ಅಂದ್ರೆ ಹೊರದೇಶದ ಮಾದರಿನೇ ನೋಡ್ಬೇಕು ಅಂತೇನಿಲ್ಲ, ಕಲಿಯೋಕೆ ಪಕ್ಕದ ಜಿಲ್ಲೇಲೇ ಇಷ್ಟೆಲ್ಲ ಇದೆ.

ನಾಲ್ಕು ಕೈ ಅಂದ್ರೆ ನಾಲ್ಕು ಥರದ ಹೊಲಿಗೆ, ಒಬ್ಬರದ್ದು ಬಿಗಿ ಒಬ್ಬರದ್ದು ಸಡಿಲ. ಅದಕ್ಕೆ ಒಂದು ಉಪಾಯ ಇದೆ. ದೊಡ್ಡ ಕೌದಿಗೆ ನಾಲ್ಕು ಬದಿ ನಾಲ್ಕು ಜನ ಕೂತು, ಚಾಕ್‌ಪೀಸಲ್ಲಿ ಒಂದು ಬೆರಳಗಲ ಬಿಟ್ಟು ಗೆರೆ ಎಳ್ಕೊಂಡು, ತಮ್ಮ ಬದಿ ಹೊಲಿದು ಮೂಲೆಗೆ ಬಂದಾಗ ನಿಲ್ಲಿಸಿ, ಎಲ್ಲರದ್ದೂ ಮುಗಿದ ಮೇಲೆ ಮುಂದಿನ ಸಾಲು. ಮೂರ್ನಾಲ್ಕು ಸಾಲಿಗೊಮ್ಮೆ ಜಾಗ ಬದಲಾಯಿಸಿ, ಆಗ ಬಿಗಿ ಹೊಲಿಗೆ ಒಂದೇ ಕಡೆ ಬಿದ್ದು ಕೌದಿ ಸೊಟ್ಟ ಆಗಲ್ಲ. ಮಗುವಿನ ಕೌದಿಗೆ ಎದುರುಬದುರು ಇಬ್ಬರೇ ಸಾಕು, ಉಳಿದವರು ಸೂಜಿ ಪೋಣಿಸಿ ಕೊಡಲಿ, ಇಲ್ಲಾ ಮನೇಲಿ ಅರ್ಧಕ್ಕೆ ನಿಲ್ಲಿಸಿದ ತಮ್ಮ ಕೌದಿ ತಂದು ಪಕ್ಕದಲ್ಲೇ ಕೂತು ಮುಂದುವರಿಸಲಿ. ಹಾಗೆ ತಂದಾಗ ಎಲ್ಲರಿಗೂ ಬಿಚ್ಚಿ ತೋರಿಸಿ, ಎಲ್ಲಿ ಸಿಕ್ಕಾಕೊಂಡಿದೆ ಅಂತ ಕೇಳಿ, ವಯಸ್ಸಾದ ಅಮ್ಮಂದಿರು ಒಂದು ಸಲ ಕೈಯಾಡಿಸಿದ್ರೆ ಗೊತ್ತಾಗಿಬಿಡುತ್ತೆ.

ಮಗುವಿಗೆ ಅಂತ ಹೊಲಿಯೋದ್ರಲ್ಲಿ ಗುಂಡಿ, ಕನ್ನಡಿ, ಜರಿ, ಮಣಿ ಯಾವುದೂ ಬೇಡವೇ ಬೇಡ. ಗಂಟುಗಳನ್ನ ಪದರದ ಒಳಗೆ ಎಳೆದುಬಿಡಿ. ಕೊಡುವಾಗ ತಾಯಿಗೆ ಹೇಳಿ, ಇದು ಕೆಳಗೆ ಹಾಸೋಕೆ, ಮಲಗಿರೋ ಹಸುಗೂಸಿನ ಮೇಲೆ ಹೊದಿಸಬಾರದು ಅಂತ.

ಮುಗಿದ ಮೇಲೆ ಬೆರಳಿಂದ ಒಂದೊಂದು ಸಾಲೂ ಸವರಿ ಮುರಿದ ಸೂಜಿ ತುದಿ ಉಳಿದಿದೆಯಾ ನೋಡಿ, ಕಚ್ಚಾ ಹೊಲಿಗೆ ಬಿಚ್ಚಿ, ಒಮ್ಮೆ ಒಗೆದು ಬಿಸಿಲಿಗೆ ಹಾಕಿ. ಹಿಂಬದಿ ಮೂಲೇಲಿ ಮಗುವಿನ ಹೆಸರು, ವರ್ಷ ದಾರದಲ್ಲೇ ಹೊಲಿಯಿರಿ. ಭಾನುವಾರ ಆರಾಧನೆ ಆದ ಮೇಲೆ ಹೊಲಿದವರೆಲ್ಲ ಕೌದಿ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಕೊಟ್ರೆ ಚೆನ್ನಾಗಿರುತ್ತೆ. ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೊಡ್ಬೇಡಿ, ಹಾಗೇ ಬೀರುವಿಗೆ ಹೋಗಿಬಿಡುತ್ತೆ, ಉಳಿದ ಬಟ್ಟೇಲೇ ಒಂದು ಚೀಲ ಹೊಲಿದು ಅದರಲ್ಲಿಡಿ, ಜೊತೆಗೆ ಎರಡು ಚೌಕ ಎಕ್ಸ್ಟ್ರಾ ತುಂಡು ಹಾಕಿ, ಹರಿದಾಗ ತೇಪೆ ಹಾಕೋಕೆ ಬೇಕಾಗುತ್ತೆ.