ಕಂಡದ್ದು ಕೊಡಿ ಎನ್ನುವುದನ್ನು ಬಿಟ್ಟ ಮೇಲೆ

ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದರೆ ನಮ್ಮ ಜಗಲಿಯಲ್ಲಿ ವೇಷದ ಸಾಮಾನು ರಿಪೇರಿಯ ಕೆಲಸ ಶುರು. ಕಿರೀಟದ ಕನ್ನಡಿ ಚೂರು ಉದುರಿರುತ್ತದೆ, ಭುಜಕ್ಕೆ ಕಟ್ಟುವ ಭುಜಕೀರ್ತಿಯ ಬೇಗಡೆ, ಅಂದರೆ ಹೊಳೆಯುವ ತಗಡು, ಬೆವರಿಗೆ ಕಪ್ಪಾಗಿರುತ್ತದೆ. ಕಾಸರಗೋಡಿನ ಕುಂಬಳೆ ಸೀಮೆಯಲ್ಲಿ ಅಪ್ಪ ಜೀವಮಾನವಿಡೀ ಮಾಡಿದ್ದು ಇದನ್ನೇ. ಕೂಲಿ ಎಷ್ಟೆಂದು ಯಾರಾದರೂ ಕೇಳಿದರೆ "ನಿಮಗೆ ಕಂಡದ್ದು ಕೊಡಿ" ಎನ್ನುತ್ತಿದ್ದರು. ಕಂಡದ್ದು ಯಾವತ್ತೂ ಕಮ್ಮಿಯೇ.

ಒಂದು ಮಳೆಗಾಲ ಪೂರ್ತಿ ನಾನು ಪುಸ್ತಕದಲ್ಲಿ ಗಂಟೆ ಬರೆದಿಟ್ಟೆ. ಒಂದು ಜೊತೆ ಭುಜಕೀರ್ತಿಗೆ 4 ದಿನ. ಸಾಮಾನಿನ ಖರ್ಚು ಕಳೆದರೆ ಅಡಿಕೆ ಸುಲಿದಷ್ಟೂ ಹುಟ್ಟುವುದಿಲ್ಲ! ವೇಷದ ಸಾಮಾನು ಮಾಡಿ ಮಾರುವುದು ಕಮ್ಮಿ ಮಾಡಿ ಬಾಡಿಗೆಗೆ ಇಳಿದೆ.

ಬಾಡಿಗೆಗೆ ದಾರಿ ತೆರೆದದ್ದು ಕೇರಳದ ಶಾಲಾ ಕಲೋತ್ಸವ. ಅಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಮೊದಲ ವರ್ಷ ದೊಡ್ಡವರ ಸೆಟ್ಟನ್ನೇ ಕೊಟ್ಟೆ. ಎಂಟನೇ ಕ್ಲಾಸಿನ ಹುಡುಗಿ, ಮೂರನೇ ದಿಗಿಣಕ್ಕೆ, ಅಂದರೆ ಹಾರಿ ಸುತ್ತುವಾಗ, ಕಿರೀಟ ಮೂಗಿನ ಮೇಲೆ. ಪಾಪ, ಒಂದು ಕೈಯಲ್ಲಿ ಹಿಡಿದುಕೊಂಡೇ ಕುಣಿದಳು. ಮರುವಾರ ದಾರ ಹಿಡಿದು ಮಕ್ಕಳ ತಲೆಸುತ್ತು ಅಳೆದೆ. ಮರದ ಬದಲು ಫೋಮ್ ಶೀಟಿನಲ್ಲಿ ಸಣ್ಣ ಸೆಟ್ ಮಾಡಿದೆ. "ಮರದ್ದಲ್ಲದ್ದು ಎಂತ ಕಿರೀಟವಾ?" ಎಂದರು ಅಪ್ಪ. ಅವರ ಮಾತು ಸುಳ್ಳಲ್ಲ, ಮೇಳದ ವೇಷಕ್ಕೆ ಇವತ್ತಿಗೂ ಮರವೇ.

ಇನ್ನೊಂದು ಗೊತ್ತಾಯಿತು: ಪೆಟ್ಟಿಗೆ ಮಾತ್ರ ಕಳಿಸಿದರೆ ವೇಷ ಆಗುವುದಿಲ್ಲ. ಇಂಗಳೀಕ, ಅರದಾಳ, ಸಫೇತ ಎಂಬ ಮುಖದ ಬಣ್ಣ ತಿಳಿದವರು, ಬಿಗಿದು ಕಟ್ಟುವವರು ಚೌಕಿಯಲ್ಲಿ, ಅಂದರೆ ಬಣ್ಣದ ಕೋಣೆಯಲ್ಲಿ, ಬೇಕು. ಇಬ್ಬರು ಜೊತೆಗೆ ಹೊರಟರು. ನಿಜವಾದ ಸಂಪಾದನೆ ಹುಟ್ಟಿದ್ದು ಅಲ್ಲಿ.

2021ನ್ನು ವಿಶ್ವಸಂಸ್ಥೆ ಸೃಜನಶೀಲ ಆರ್ಥಿಕತೆಯ ವರ್ಷ ಎಂದು ಕರೆದಿತ್ತು. ನಮಗದು ಕೊರೋನಾದ ವರ್ಷ, ಕಲೋತ್ಸವವೇ ಇಲ್ಲ; ಪೆಟ್ಟಿಗೆಗೆ ಗೆದ್ದಲು ಹಿಡಿಯಿತು. 2023ರಲ್ಲಿ ಕುಶಲಕರ್ಮಿಗಳಿಗೆಂದು ಕೇಂದ್ರದ ವಿಶ್ವಕರ್ಮ ಯೋಜನೆ ಬಂದಾಗ ಆಸೆಯಿಂದ ಅದರ 18 ಕಸುಬುಗಳ ಪಟ್ಟಿ ಓದಿದೆ. ಬಡಗಿ ಉಂಟು, ದರ್ಜಿ ಉಂಟು, ಗೊಂಬೆ ಮಾಡುವವರೂ ಉಂಟು. ಮರ ಕೆತ್ತಿ, ಬಟ್ಟೆ ಹೊಲಿದು, ಕನ್ನಡಿ ಅಂಟಿಸುವ ನನ್ನನ್ನು ಯಾವುದಕ್ಕೆ ಸೇರಿಸುವುದು ಮಾರಾಯ್ರೆ?

ಈ ಸಲ ಮಳೆ ಬೀಳುವ ಮೊದಲೇ ಕೇರಳದ ತೆಂಕಣ ಜಿಲ್ಲೆಯೊಂದರಿಂದ ಮಾಷ್ಟ್ರೊಬ್ಬರ ಫೋನು. ಅವರ ಮಕ್ಕಳಿಗೆ ಕನ್ನಡ ಬಾರದು, ಅರ್ಥವನ್ನು, ಅಂದರೆ ವೇಷದ ಮಾತನ್ನು, ಮಲಯಾಳ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ. ರೇಟ್ ಕೇಳಿದರು, ಹೇಳಿದೆ. ಮುಂಗಡ ಅರ್ಧ ಎಂದೂ ಹೇಳಿದೆ. ಪಕ್ಕದಲ್ಲಿ ಕನ್ನಡಿ ಚೂರು ಅಂಟಿಸುತ್ತಿದ್ದ ಅಪ್ಪ ಸಂಖ್ಯೆ ಕೇಳಿ ಅಂಟನ್ನು ಮೊಣಕಾಲ ಮೇಲೆ ಚೆಲ್ಲಿಕೊಂಡರು.