ಇಲ್ಲದ ಗೋಡೆ ಎಬ್ಬಿಸುವುದು: ಮೂಕಾಭಿನಯದ ಅಭ್ಯಾಸ

ಮೂಕಾಭಿನಯ ಅಂದ ಕೂಡಲೇ ಹೊಸಬರು ಸದ್ದಿಲ್ಲದೆ ತುಟಿ ಆಡಿಸತೊಡಗುತ್ತಾರೆ. ನಾನು ಮೊದಲು ಬಿಡಿಸುವುದು ಅದನ್ನೇ. ಇದು ಮಾತು ನುಂಗುವ ಕಲೆಯಲ್ಲ. ಇದರ ಇಂಗ್ಲಿಷ್ ಹೆಸರಾದ ‘ಮೈಮ್‌’ನ ಮೂಲ, ಗ್ರೀಕಿನ ‘ಮಿಮೋಸ್’ ಅಂದರೆ ಅನುಕರಿಸುವವನು. ಮೂಕತನದ ಸುಳಿವೇ ಅದರಲ್ಲಿಲ್ಲ, ಆ ಆಟಗಳಲ್ಲಿ ಮಾತೂ ಇತ್ತು. ಮಾತು ಬಿಟ್ಟವನು ರೋಮಿನ ‘ಪಾಂಟೊಮಿಮುಸ್’, ಅಂದರೆ ಎಲ್ಲವನ್ನೂ ಅನುಕರಿಸುವವನು. ಬಾಯಿ ಮುಚ್ಚಿದ ಮುಖವಾಡ ತೊಟ್ಟು ಒಬ್ಬನೇ ಎಲ್ಲ ಪಾತ್ರ ಕುಣಿಯುತ್ತಿದ್ದ, ಕಥೆಯನ್ನು ಬೇರೆಯವರು ಹಾಡುತ್ತಿದ್ದರು. (ಅದೇ ಹೆಸರಿನ ಇಂಗ್ಲೆಂಡಿನ ಕ್ರಿಸ್‌ಮಸ್ ಪ್ಯಾಂಟೊಮೈಮ್‌ನಲ್ಲಿ ಈಗ ಮಾತು, ಹಾಡು, ಕೂಗಾಟ ಎಲ್ಲ ಉಂಟು!) ನಾಟ್ಯಶಾಸ್ತ್ರದ ಲೆಕ್ಕದಲ್ಲಿ ಹೇಳುವುದಾದರೆ ವಾಚಿಕ (ಮಾತು) ಹೋಗುತ್ತದೆ, ಆಂಗಿಕ (ಮೈಯ ಚಲನೆ), ಆಹಾರ್ಯ (ವೇಷ, ಬಣ್ಣ), ಸಾತ್ವಿಕ (ಒಳಗಿನ ಭಾವ) ಉಳಿಯುತ್ತವೆ. ಹೊರೆಯೆಲ್ಲ ಆಂಗಿಕದ ಮೇಲೆ.

ಅದಕ್ಕೆ ನಾನು ಗೋಡೆಯಿಂದಲೇ ಶುರು ಮಾಡಿಸುತ್ತೇನೆ. ಕೈ ಸಡಿಲವಾಗಿ, ಬೆರಳು ತುಸು ಮಡಚಿಕೊಂಡು ಬರಬೇಕು. ಗೋಡೆ ಇದೆ ಅಂದುಕೊಂಡ ಕಡೆ ಅಂಗೈ ಥಟ್ಟನೆ ಚಪ್ಪಟೆಯಾಗಿ ನಿಲ್ಲಬೇಕು. ಆ ಸಡಿಲ–ಬಿಗಿಯ ವ್ಯತ್ಯಾಸವೇ ಗೋಡೆ. ಮೊದಲಿನಿಂದಲೂ ಕೈ ಬಿಗಿಯಾಗಿದ್ದರೆ ಏನೂ ತಾಗಿದಂತೆ ಕಾಣುವುದಿಲ್ಲ. ಆಮೇಲೆ ಅಂಗೈ ಇದ್ದಲ್ಲೇ ಇರಲಿ, ಮೈ ಮಾತ್ರ ಪಕ್ಕಕ್ಕೆ ಸರಿಯಲಿ. ಮೊಣಕೈ, ಭುಜ ಮಡಚಿ ಬಿಚ್ಚಿ ಆ ದೂರವನ್ನು ಸರಿದೂಗಿಸಬೇಕು. ಒಂದು ಕೈ ನೆಟ್ಟಿರುವಾಗಲೇ ಇನ್ನೊಂದನ್ನು ಕೀಳಬೇಕು. ಎರಡೂ ಒಟ್ಟಿಗೆ ಬಿಟ್ಟರೆ ಗೋಡೆ ಬಿದ್ದ ಹಾಗೆಯೇ. ಎರಡನೆಯ ಕೈ ನಾಲ್ಕು ಬೆರಳು ಮುಂದೆ ಹೋದರೂ ಗೋಡೆ ಸೊಟ್ಟಗಾಗುತ್ತದೆ. ತಿದ್ದಿಕೊಳ್ಳಲು ನಿಜವಾದ ಗೋಡೆಗೆ ಕೈಯಿಟ್ಟು ಸರಿದು ನೋಡಿ, ಅರ್ಧ ಅಡಿ ಹಿಂದೆ ಬಂದು ಅದನ್ನೇ ಮಾಡಿ. ಕನ್ನಡಿ ಬೇಡ, ಕಣ್ಣು ಅಲ್ಲಿಗೇ ಅಂಟಿಕೊಳ್ಳುತ್ತದೆ. ಪಕ್ಕದಿಂದ ಮೊಬೈಲ್‌ನಲ್ಲಿ ಚಿತ್ರಿಸಿಕೊಂಡರೆ ಸಾಕು.

ಹಗ್ಗ ಎಳೆಯುವಾಗ ಎರಡು ಮುಷ್ಟಿಯ ನಡುವಿನ ಅಂತರ ಬದಲಾಗಬಾರದು, ಮುಷ್ಟಿಯೊಳಗಿನ ತೂತೂ ಅಷ್ಟೇ. ಎಳೆತ ಸೊಂಟದಿಂದ ಹುಟ್ಟಿ ಕೈಗೆ ಬರಬೇಕು. ಲೋಟ ಕೆಳಗಿಟ್ಟ ಮೇಲೆ ಮೊದಲು ಬೆರಳು ಬಿಚ್ಚಬೇಕು, ಆಮೇಲೆ ಕೈ ತೆಗೆಯಬೇಕು. ಅದನ್ನು ಮರೆತು ಲೋಟವನ್ನು ಗಾಳಿಯಲ್ಲೇ ಕರಗಿಸುವವರು ಬಹಳ.

ಮುಖದ ಕಸರತ್ತು ಹೆಚ್ಚಾದರೆ ಮೈ ಸುಮ್ಮನಾಗುತ್ತದೆ. ಪ್ಯಾರಿಸ್ಸಿನ ಮೂಕಾಭಿನಯದ ಗುರು ಎತಿಯೆನ್ ದೆಕ್ರೂ (1898–1991) ಮುಖ ಮುಚ್ಚಿಸಿ ಅಭ್ಯಾಸ ಮಾಡಿಸುತ್ತಿದ್ದದ್ದು ಇದೇ ಕಾರಣಕ್ಕೆ. ಅವರ ಶಿಷ್ಯ ಮಾರ್ಸೆಲ್ ಮಾರ್ಸೋ ಬಿಪ್ ಎಂಬ ಬಿಳಿ ಮುಖದ ಪಾತ್ರವನ್ನು 1947ರಲ್ಲಿ ರಂಗಕ್ಕೆ ತಂದರು. ನಮ್ಮ ಕಾಲೇಜು ಹುಡುಗರು ಬಿಳಿ ಬಳಿದುಕೊಳ್ಳುವುದರ ಹಿಂದೆ ಇರುವುದೂ ಬಹುಪಾಲು ಆ ಬಿಪ್‌ನೇ.

ಬಣ್ಣಕ್ಕೆ ಸಫೇದ ಪುಡಿ (ಬಿಳಿ ಜಿಂಕ್ ಆಕ್ಸೈಡ್) ಮತ್ತು ಕೊಬ್ಬರಿ ಎಣ್ಣೆ ಸಾಕು. ಎಣ್ಣೆ ಹನಿಹನಿಯಾಗಿ ಬೀಳಲಿ. ಹೆಚ್ಚಾದರೆ ದೀಪಕ್ಕೆ ಮುಖ ಹೊಳೆಯುತ್ತದೆ, ಬೆವರಿಗೆ ಕಾಡಿಗೆ ಇಳಿಯುತ್ತದೆ. ತೆಳುವಾಗಿ ಹಚ್ಚಿ, ಮೇಲೆ ಪೌಡರ್ ಒತ್ತಿ, ಕಾಡಿಗೆಯನ್ನು ಕೊನೆಗೆ ಎಳೆಯಿರಿ. ಬಿಳಿ ದವಡೆಯ ಅಂಚಿಗೇ ನಿಲ್ಲಲಿ. ಕುತ್ತಿಗೆಗೂ ಬಳಿದರೆ ತಲೆ ತಿರುಗಿಸಿದ್ದು ಹಿಂದಿನ ಸಾಲಿಗೆ ಕಾಣುವುದಿಲ್ಲ.